ಬ್ಯಾಟರಿ ಕಾಕಾರ ಎಡಗಣ್ಣು

ಹೋದ ತಿಂಗಳು ನಮ್ಮ ಬಸವನ ಬಾಗೇವಾಡಿಯ ಮನೆಗೆ ಇನ್ವರ್ಟರ್ ರಿಪೇರಿಯವನು ಬಂದಿದ್ದ. ಬ್ಯಾಟರಿಯ ಮುಚ್ಚಳ ಬಿಚ್ಚಿದ ಕೂಡಲೇ ಹುಳಿಹುಳಿಯಾದ, ಮೂಗು ಚುಚ್ಚುವ ವಾಸನೆಯೊಂದು ಪಡಸಾಲೆಯವರೆಗೂ ಬಂತು. ನಾನು ಎದ್ದು ಹೋಗಿ ಎಲ್ಲ ಕಿಟಕಿ ತೆರೆದೆ. “ಇಷ್ಟಕ್ಕ ಏನೂ ಆಗೂದಿಲ್ರಿ ಅಮ್ಮಾರ” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಒಬ್ಬರ ಮುಖ ಕಾಣುತ್ತದೆ. ಪೂರ್ತಿ ಮುಖವಲ್ಲ, ಒದ್ದೆ ಟವೆಲಿನಿಂದ ಅರ್ಧ ಮುಚ್ಚಿದ ಮುಖ...

ಅದು ಎಪ್ಪತ್ತರ ದಶಕದ ಮಾತು. ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಮಿರಜಿನಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಅವರ ದನಿ ಹೋಗಿತ್ತು. ಕೊರಳಿನಲ್ಲಿ ಒಂದು ತೂತು, ಅದಕ್ಕೊಂದು ಸಣ್ಣ ಕೊಳವೆ. ಅದರ ಮೂಲಕವೇ ಉಸಿರಾಟ. ಏನು ಹೇಳುವುದಿದ್ದರೂ ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕೊಳವೆಯಲ್ಲಿ ಕಫ ಕಟ್ಟಿದರೆ ಉಸಿರೇ ನಿಲ್ಲುತ್ತಿತ್ತು. ಅದಕ್ಕಾಗಿ ಕಫ ಎಳೆಯುವ ಸಣ್ಣ ಮಷೀನೊಂದನ್ನು ಮನೆಗೆ ತಂದಿದ್ದೆವು. ಸಿಂದಗಿಯಲ್ಲಿ ಆಗ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹೋದಾಗ ಆ ಮಷೀನು ಕಾರಿನ ಬ್ಯಾಟರಿಯಿಂದ ನಡೆಯುತ್ತಿತ್ತು.

ಎರಡು ಬ್ಯಾಟರಿ ಇಟ್ಟುಕೊಂಡಿದ್ದೆವು. ಒಂದು ಮನೆಯಲ್ಲಿ, ಇನ್ನೊಂದು ಬಸ್ ಸ್ಟ್ಯಾಂಡಿನ ಹತ್ತಿರ ಚಾರ್ಜಿಗೆ. ಅಲ್ಲಿ ಮೂರು ಕಡೆ ತೆರೆದಿದ್ದ ತಗಡಿನ ಶೆಡ್ಡಿನಲ್ಲಿ ಟ್ರ್ಯಾಕ್ಟರು, ಲಾರಿಗಳ ಬ್ಯಾಟರಿ ಚಾರ್ಜ್ ಮಾಡುತ್ತಿದ್ದವರನ್ನು ಊರೆಲ್ಲ ಬ್ಯಾಟರಿ ಕಾಕಾ ಎನ್ನುತ್ತಿತ್ತು. ನಡುವಯಸ್ಸಿನ ಮನುಷ್ಯ. ಅಂಗಿಯ ತುಂಬ ಆಸಿಡ್ ಬಿದ್ದು ಆದ ತೂತುಗಳು. ನಾಲ್ಕು ದಿನಕ್ಕೊಮ್ಮೆ ಸೈಕಲ್ಲಿನ ಕ್ಯಾರಿಯರಿಗೆ ಬ್ಯಾಟರಿ ಕಟ್ಟಿಕೊಂಡು ತಾವೇ ಮನೆಗೆ ಬರುತ್ತಿದ್ದರು. ಬಂದವರು ಹೊರಡುತ್ತಿರಲಿಲ್ಲ, ಅಪ್ಪನ ಮಂಚದ ಹತ್ತಿರ ಕುಳಿತುಬಿಡುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಪಾಟಿಯ ಮೇಲೆ ಒಂದೊಂದೇ ಅಕ್ಷರ ಬರೆದು ತೋರಿಸುವುದು, ಕಾಕಾ ತುಟಿ ಅಲ್ಲಾಡಿಸುತ್ತ ಅದನ್ನು ಕೂಡಿಸುವುದು. ದನಿಯಿಲ್ಲದ ಮಾಸ್ತರರಿಗೆ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ.

ನನಗೆ ಮಾತ್ರ ಅವರ ಬರವು ಬೇಸರ ತರುತ್ತಿತ್ತು. ಅವರು ಕುಳಿತೆದ್ದ ಚಾಪೆಯನ್ನು ನಾನು ಒರೆಸುತ್ತಿದ್ದೆ. ಅವರ ಕೈಯ ಆಸಿಡ್ ತಾಗಿರಬಹುದು ಎಂಬುದು ನೆಪವಷ್ಟೆ, ಅವರಂಥವರು ಒಳಗೆ ಬಂದು ಕೂರುವುದೇ ನನಗೆ ಸೇರುತ್ತಿರಲಿಲ್ಲ... ಈಗ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವರ ಹಂಗು ಬೇಡವೆಂದೇ ಸೊಲ್ಲಾಪುರದಿಂದ ಒಂದು ಸಣ್ಣ ಚಾರ್ಜರ್ ತರಿಸಿದೆ.

ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಚಲೋ ಐತ್ರಿ ಅಕ್ಕಾರ. ಆದ್ರ ಅಂಗಳದಾಗ ಇಟ್ಟು ಮಾಡ್ರಿ, ಖೋಲ್ಯಾಗ ಬ್ಯಾಡ. ಮುಚ್ಚಳ ಬಿಚ್ಚಿ ಇಡ್ರಿ. ಹತ್ತರ ದೀಪ, ಒಲಿ ಇರಬಾರದು. ತಗಿಯೂ ಮುಂದ ಮೊದಲ ಸ್ವಿಚ್ ಬಂದ್ ಮಾಡ್ರಿ, ಆಮ್ಯಾಲ ಕ್ಲಿಪ್ ತಗೀರಿ. ಚಾರ್ಜ್ ಆಗೂ ಮುಂದ ಅದರಾಗಿಂದ ಗ್ಯಾಸ್ ಬರ್ತೈತಿ. ಕಣ್ಣಿಗಿ ಕಾಣಂಗಿಲ್ಲ.”

“ಅದಕ್ಕ ಹೈಡ್ರೋಜನ್ ಅಂತಾರ ಕಾಕಾ. ನಾ ಅದನ್ನ ಸಾಲ್ಯಾಗ ಕಲಸ್ತೇನಿ” ಎಂದೆ.

“ಹೌದಲ್ರಿ ಮತ್ತ. ನಿಮಗ ನಾ ಏನ್ ಹೇಳೂದು” ಎಂದು ಅವರು ತಲೆ ತಗ್ಗಿಸಿದರು.

ನಿಜಕ್ಕೂ ಕಲಿಸುತ್ತಿದ್ದೆ. ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು, ಹೈಡ್ರೋಜನ್ ‘ಪಟ್’ ಎಂದಾಗ ಹುಡುಗರು ಬೆಚ್ಚಿ ನಗುವುದನ್ನು ಪ್ರತಿ ವರ್ಷ ನೋಡುತ್ತಿದ್ದೆ. ಆದರೂ ಆ ಶನಿವಾರ ಸಂಜೆ ಹೊರಗೆ ಧೂಳಿನ ಗಾಳಿ ಎದ್ದಿತೆಂದು ಬ್ಯಾಟರಿಯನ್ನು ಅಪ್ಪನ ಕೋಣೆಯ ಪಕ್ಕದ ಸಣ್ಣ ಖೋಲಿಯಲ್ಲಿಟ್ಟು ಚಾರ್ಜಿಗೆ ಹಾಕಿದೆ. ಕಿಟಕಿ ಮುಚ್ಚಿದೆ. ಆಸಿಡ್ ಸಿಡಿದು ನೆಲ ಕೆಡುತ್ತದೆಂದು ಮುಚ್ಚಳಗಳನ್ನೂ ಬಿಗಿದೇ ಇಟ್ಟೆ.

ಮರುದಿನ ಬೆಳಿಗ್ಗೆ ನಾನು ಕ್ಲಿಪ್ಪು ತೆಗೆಯಲು ಖೋಲಿಗೆ ಹೋದ ಹೊತ್ತಿಗೇ ಕಾಕಾ ತಮ್ಮಲ್ಲಿದ್ದ ಇನ್ನೊಂದು ಬ್ಯಾಟರಿ ತಂದರು. ಪಡಸಾಲೆಗೆ ಕಾಲಿಟ್ಟವರೇ ವಾಸನೆ ಹಿಡಿದರು. ಖೋಲಿಯ ಬಾಗಿಲಿಗೆ ಓಡಿ ಬಂದು, “ಅಕ್ಕಾರ, ಅದಕ್ಕ ಕೈ ಹಚ್ಚಬ್ಯಾಡ್ರಿ! ಮೊದಲ ಸ್ವಿಚ್ ಬಂದ್ ಮಾಡ್ರಿ!” ಎಂದು ಕೂಗಿದರು.

ನನ್ನ ಮನೆಯಲ್ಲಿ ನನ್ನ ಮೇಲೆಯೇ ಕೂಗುತ್ತಾರಲ್ಲ ಎಂದು ಸಿಟ್ಟು ಬಂತು. ಸ್ವಿಚ್ಚು ಬಾಗಿಲ ಹತ್ತಿರವಿತ್ತು, ಕ್ಲಿಪ್ಪು ಕೈಯ ಹತ್ತಿರವಿತ್ತು. ನಾನು ಕ್ಲಿಪ್ಪಿಗೆ ಕೈ ಹಾಕಿದೆ. ಅವರು ನುಗ್ಗಿ ಬಂದು ನನ್ನನ್ನು ಹಿಂದಕ್ಕೆ ತಳ್ಳಿದರು. ಅಷ್ಟರಲ್ಲಿ ಕ್ಲಿಪ್ಪು ಕಿತ್ತು ಬಂದಿತ್ತು.

ಕಿಡಿ ಕಂಡದ್ದು ನೆನಪಿದೆ. ಸದ್ದು ನೆನಪಿಲ್ಲ...

ಎದ್ದು ನೋಡಿದಾಗ ಬ್ಯಾಟರಿಯ ಮೇಲ್ಭಾಗವೇ ಹಾರಿಹೋಗಿತ್ತು. ನನ್ನ ಸೀರೆಯ ಸೆರಗಿನಲ್ಲಿ ನಾಲ್ಕು ತೂತು, ಅಷ್ಟೇ. ಆಸಿಡ್ ಬಿದ್ದದ್ದು ಕಾಕಾರ ಮುಖಕ್ಕೆ. ಅವರು ಅಂಗಳದ ನೀರಿನ ತೊಟ್ಟಿಗೆ ಹೋಗಿ ಕಣ್ಣಿಗೆ ನೀರು ಎರಚಿಕೊಳ್ಳತೊಡಗಿದರು. ಅಷ್ಟರಲ್ಲಿ ಒಳಗಿನಿಂದ ಗೊರಗೊರ ಶಬ್ದ. ಸ್ಫೋಟಕ್ಕೆ ಬೆಚ್ಚಿ ಅಪ್ಪನಿಗೆ ಕೆಮ್ಮು ಹತ್ತಿತ್ತು. ಕೊಳವೆ ಕಟ್ಟಿಕೊಂಡಿತ್ತು. ಫ್ಯೂಸ್ ಹೋಗಿ ಮಷೀನಿಗೆ ಕರೆಂಟೂ ಇರಲಿಲ್ಲ. ಕಾಕಾ ತಂದಿದ್ದ ಬ್ಯಾಟರಿಗೆ ವೈರು ಜೋಡಿಸಲು ಹೋದೆ. ಯಾವುದು ಕೆಂಪು, ಯಾವುದು ಕಪ್ಪು ಎಂದೇ ತಿಳಿಯಲಿಲ್ಲ. ಕಾಕಾ ಮುಖಕ್ಕೆ ಒದ್ದೆ ಟವೆಲ್ ಒತ್ತಿಕೊಂಡು ಒಳಗೆ ಬಂದರು.

“ಈ ಕಡೆ ಸರೀರಿ ಅಕ್ಕಾರ. ಮೊದಲ ಮಾಸ್ತರದು ಆಗಲಿ.”

ಒಂದೇ ಕಣ್ಣಿನಲ್ಲಿ ನೋಡುತ್ತ ವೈರು ಜೋಡಿಸಿದರು. ಮಷೀನು ನಡೆಯಿತು. ಅಪ್ಪನ ಉಸಿರು ಸರಿಯಾಗುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ನಿಲ್ಲಿಸದೆ ನೀರು ಹಾಕುತ್ತ ಇದ್ದಿದ್ದರೆ ಎಡಗಣ್ಣು ಉಳಿಯುತ್ತಿತ್ತೇನೋ ಎಂದು ಡಾಕ್ಟರರು ಆಮೇಲೆ ಹೇಳಿದರಂತೆ.

ಸದ್ದು ಕೇಳಿ ಓಣಿಯ ಜನ ಅಂಗಳದಲ್ಲಿ ಸೇರಿದ್ದರು. “ಏನಾತ್ರಿ ಅಕ್ಕಾರ?” ಎಂದು ಯಾರೋ ಕೇಳಿದರು. ನಾನು ಯೋಚಿಸಲೇ ಇಲ್ಲ. ಬಾಯಿಂದ ಮಾತು ತಾನಾಗಿ ಬಂತು.

“ಕಾಕಾ ಚಾರ್ಜ್ ಮಾಡಿ ಕೊಟ್ಟ ಬ್ಯಾಟರಿ ಸಿಡೀತ್ರಿ.”

ಅವರು ನನ್ನ ಹಿಂದೆಯೇ ನಿಂತಿದ್ದರು. ಅಲ್ಲವೆಂದಿದ್ದರೂ, ವಿಜ್ಞಾನ ಕಲಿಸುವ ಅಕ್ಕಾರ ಮಾತಿನೆದುರು ಓದು ಬಾರದ ಬ್ಯಾಟರಿಯವನ ಮಾತನ್ನು ಯಾರು ನಂಬುತ್ತಿದ್ದರು?

ನಾಲ್ಕನೆಯ ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕಾಕಾ ಶೆಡ್ಡಿನಿಂದ ಬೇರೊಂದು ಬ್ಯಾಟರಿ ತಂದರು. ಸರದಿ ತಪ್ಪಿದರೆ ಮಾಸ್ತರರಿಗೆ ತೊಂದರೆ ಎಂಬುದೊಂದೇ ಅವರ ತಲೆಯಲ್ಲಿ. ಆ ದಿನ ಅಪ್ಪ ಪಾಟಿ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದು ನನ್ನ ಕಡೆ ಹಿಡಿದರು: ‘ಖರೆ ಹೇಳು.’ ಕಾಕಾರ ದೃಷ್ಟಿಯೂ ಅದರ ಮೇಲೆ ಬಿತ್ತು. ಅವರ ತುಟಿ ಮೆಲ್ಲಗೆ ಅಲ್ಲಾಡಿದ್ದನ್ನು ಕಂಡೆ. ಅಕ್ಷರ ಕೂಡಿಸುತ್ತಿದ್ದರು.

ನಾನು ಪಾಟಿ ಇಸಿದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟೆ.

ಕಾಕಾ ಖಾಲಿ ಬ್ಯಾಟರಿ ಎತ್ತಿಕೊಂಡು ಹೋದರು. ಕೆಲವೇ ತಿಂಗಳಲ್ಲಿ ಟ್ರ್ಯಾಕ್ಟರಿನವರು ಅವರ ಶೆಡ್ಡಿಗೆ ಬರುವುದನ್ನು ಬಿಟ್ಟರು. ಒಂದು ದಿನ ಶೆಡ್ಡು ಖಾಲಿಯಾಗಿತ್ತು. ಇಂಡಿ ಕಡೆ ಅಣ್ಣನ ಊರಿಗೆ ಹೋದರೆಂದು ಯಾರೋ ಹೇಳಿದರು. ಅಪ್ಪ ಮತ್ತೂ ಒಂದೂವರೆ ವರ್ಷ ಬದುಕಿದರು. ಅಷ್ಟು ದಿನವೂ ನಾನು ಅಂಗಳದಲ್ಲಿ, ಮುಚ್ಚಳ ಬಿಚ್ಚಿಟ್ಟು, ಮೊದಲು ಸ್ವಿಚ್ಚು ಆಮೇಲೆ ಕ್ಲಿಪ್ಪು ಎಂದು, ಕಾಕಾ ಹೇಳಿದ ಹಾಗೆಯೇ ಬ್ಯಾಟರಿ ಚಾರ್ಜ್ ಮಾಡಿದೆ. ಅಪ್ಪ ಪಾಟಿಯ ಮೇಲೆ ನೀರು, ಔಷಧಿ ಎಂದು ಬರೆಯುತ್ತಿದ್ದರು. ಅದಕ್ಕಿಂತ ಹೆಚ್ಚಿನದೇನನ್ನೂ ನನಗಾಗಿ ಬರೆಯಲಿಲ್ಲ.

ಆ ದಶಕ ಮುಗಿಯುತ್ತ ಬಂದಾಗ ನಾನು ಮುದ್ದೇಬಿಹಾಳದಲ್ಲಿದ್ದೆ. ಒಂದು ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಕಂಡರು. ತಂಗಡಗಿಯ ಬಸ್ಸಿಗೆ ಕಾಯುತ್ತಿದ್ದರು. ಎಡಗಣ್ಣು ಪೂರ್ತಿ ಬೆಳ್ಳಗಾಗಿತ್ತು. ನಾನೇ ಎದುರಿಗೆ ಹೋಗಿ ನಿಂತೆ.

“ಮಾಸ್ತರು ಹ್ಯಾಂಗದಾರ್ರಿ?” ಎಂದು ಮೊದಲು ಕೇಳಿದರು. ತೀರಿಕೊಂಡರೆಂದೆ. ನಾನು ಅಳುತ್ತ ಆ ದಿನದ ಮಾತು ಶುರು ಮಾಡಿದೆ. ತಪ್ಪು ನನ್ನದು, ಸುಳ್ಳು ಹೇಳಿದೆ, ಎಂದೆ. ಅವರು ಕೈ ಎತ್ತಿ ತಡೆದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಅಕ್ಕಾರ? ನಾ ಅಲ್ಲೇ ಇದ್ನಲ್ಲ. ಅಂಗಳದಾಗ ನಿಂತವ್ರಿಗಿ ಹೇಳ್ರಿ.”

ಬಸ್ಸು ಬಂತು, ಹತ್ತಿ ಹೋದರು.

ಸಿಂದಗಿ ಅಲ್ಲಿಂದ ಬಹಳ ದೂರವೇನೂ ಇರಲಿಲ್ಲ. ಮುಂದಿನ ರವಿವಾರ ಹೋಗುತ್ತೇನೆ ಅಂದುಕೊಂಡೆ. ಬೇಸಿಗೆಯ ಸೂಟಿಯಲ್ಲಿ ಹೋಗುತ್ತೇನೆ ಅಂದುಕೊಂಡೆ... ಕಾಕಾ ತೀರಿಕೊಂಡು ಬಹಳ ವರ್ಷವಾಯಿತೆಂದು ಕೇಳಿದ್ದೇನೆ. ಆ ಓಣಿಯಲ್ಲಿ ಈಗ ನನ್ನನ್ನು ಗುರುತಿಸುವವರೇ ಇಲ್ಲ. ಎಪ್ಪತ್ತೈದು ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಧೈರ್ಯವೇನೂ ಬೇಕಾಗಲಿಲ್ಲ. ಅಂದು ಅಂಗಳದಲ್ಲಿ ನಿಂತಿದ್ದವರು ಯಾರೂ ಇದನ್ನು ಓದುವುದಿಲ್ಲ.