ಬೀಟಿನ ದೇವೇಂದ್ರಪ್ಪನವರು

ದೇವೇಂದ್ರಪ್ಪನವರು ಬೀಗಗಳ ಕೈ ಕುಲುಕುತ್ತಿದ್ದರು. ನಮ್ಮ ಓಣಿಯಲ್ಲಿ ಯಾವ ಬಾಗಿಲಿಗೆ ಬೀಗ ಬಿದ್ದಿದ್ದರೂ ಅದರ ಮುಂದೆ ನಿಂತು, ಟೋಪಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬೀಗವನ್ನು ಹಿಡಿದು ಎರಡು ಸಲ ಅಲುಗಿಸುವರು. ಗಟ್ಟಿಯಿದ್ದರೆ ತಲೆಯಾಡಿಸಿ ಮುಂದೆ ಹೋಗುವರು. ಸಡಿಲವಿದ್ದರೆ ಪಕ್ಕದ ಮನೆಯವರನ್ನು ಕರೆದು, "ಇದಕ್ಕ ಬೀಗ ಅಂತಾರೇನ್ರಿ? ಸೀನಿದ್ರ ಬಿಚ್ಚತೈತಿ" ಎನ್ನುವರು.

ಕೊಪ್ಪಳಕ್ಕೆ ಅಂಟಿದ ಭಾಗ್ಯನಗರದ ನಮ್ಮ ಭಾಗಕ್ಕೆ ಅವರು ಬೀಟ್ ನೋಡುವ ಹೆಡ್ ಕಾನ್‌ಸ್ಟೆಬಲ್. ಬೈಕನ್ನು ಓಣಿಯ ಬಾಯಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದರು. "ಗಾಡಿ ಮ್ಯಾಲ ಹೋದ್ರ ಗ್ವಾಡಿ ಕಾಣ್ತಾವ್ರಿ, ಮಂದಿ ಕಾಣೂದಿಲ್ಲ" ಎಂಬುದು ಅವರ ಮಾತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮಷಿನ್ ಕಿಟಕಿಯ ಪಕ್ಕ ಇದೆ. ಆ ಕಿಟಕಿಯ ಹೊರಗೆ ನಿಂತು ನೀರು ಕೇಳುವರು, ಕುಡಿಯುವರು, ಆಮೇಲೆ, "ಅಕ್ಕಾರ, ಹೊಸಾದು ಏನ್ ನೋಡಿದ್ರಿ?" ಎನ್ನುವರು.

ಒಮ್ಮೆ ನಾನು, "ಯಾರೋ ಒಬ್ಬಾಂವ ಸುಳಿದಾಡಾಕತ್ತಿದ್ದ" ಎಂದೆ.

"ಸುಳಿದಾಡಿದ್ದು ನಿಮ್ಮ ಮಾತು. ಅಂವ ಏನ್ ಮಾಡಿದ? ನಡದ್ನೋ, ನಿಂತ್ನೋ, ಕುಂತ್ನೋ?"

"ಸಾಹೇಬ್ರ, ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾಗೈತಿ ಅಂದ್ರೂ ಹಿಂಗ ಕೇಳ್ತೀರೇನು?"

"ಮನಿಯಾಕಿ ಮುಂದ ನಾನ ಆರೋಪಿ ರೀ. ಪ್ರಶ್ನೆ ಕೇಳೂ ಹಕ್ಕ ಇಲ್ಲ."

ಹೀಗೆ ನಗಿಸುತ್ತಲೇ ಅವರು ನನ್ನ ಕಣ್ಣನ್ನು ತಿದ್ದಿದರು. ಪೂರ್ತಿ ತಿದ್ದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಬೀಗ ಹಾಕಿದ ಮನೆಗಳಲ್ಲಿ ಎರಡು ಕಳವು ಆದ ಮೇಲೆ ಅವರು ಓಣಿಯ ಹೆಂಗಸರನ್ನೆಲ್ಲ ಗುಡಿಯ ಕಟ್ಟೆಗೆ ಕರೆದರು. "ಕಳ್ಳ ಮೊದಲ ಬೀಗ ನೋಡೂದಿಲ್ರಿ, ಅಂಗಳ ನೋಡ್ತಾನ. ನೀರು ಬಿದ್ದಿಲ್ಲ, ರಂಗೋಲಿ ಇಲ್ಲ ಅಂದ್ರ ಮನ್ಯಾಗ ಯಾರೂ ಇಲ್ಲ ಅಂತ ಅರ್ಥ. ಊರಿಗೆ ಹೋಗೋರು ಮಗ್ಗಲ ಮನಿಯವರಿಗೆ ಹೇಳಿ ಹೋಗ್ರಿ. ಅವರು ದಿನಾ ಎರಡೂ ಅಂಗಳಕ್ಕ ನೀರು ಹೊಡದು ರಂಗೋಲಿ ಹಾಕ್ಲಿ." ಅಂದೇ ಒಂದು ವಾಟ್ಸಾಪ್ ಗುಂಪೂ ಆಯಿತು. ಯಾರ ಮೇಲಾದರೂ ಸಂಶಯ ಬಂದರೆ ಅದರಲ್ಲಿ ಬರೆಯಬೇಕು.

ಎದುರುಮನೆಯ ಗಿರಿಜಕ್ಕ ಮಗಳ ಹೆರಿಗೆಗೆ ಗಂಗಾವತಿಗೆ ಹೋದಳು. ಐದು ದಿನ ಅವಳ ಅಂಗಳಕ್ಕೆ ನಾನು ರಂಗೋಲಿ ಹಾಕಿದೆ. ನನಗೆ ಚೆನ್ನಾಗಿ ಬರುವುದು ಎಂಟೆಸಳಿನ ಒಂದು ಹೂವು ಮಾತ್ರ. ನಮ್ಮ ಬಾಗಿಲಿಗೂ ಅದೇ, ಅವಳ ಬಾಗಿಲಿಗೂ ಅದೇ. ಆರನೆಯ ದಿನ ಬೆಳಿಗ್ಗೆ ನೀರಿನ ಕೊಡ ಹಿಡಿದು ಹೋದಾಗ ಅವಳ ಹಿತ್ತಲ ಬಾಗಿಲು ಮುರಿದಿತ್ತು. ಸುದ್ದಿ ಕೇಳಿ ಗಿರಿಜಕ್ಕ ಅಂದೇ ವಾಪಸು ಬಂದು ನೋಡಿದರೆ ನಾಲ್ಕು ಬಂಗಾರದ ಬಳೆ ಹೋಗಿದ್ದವು. ಮುಂಬಾಗಿಲ ಬೀಗ ಹಾಗೇ ಇತ್ತು.

ಆ ಮಧ್ಯಾಹ್ನ ನನಗೆ ಕೂದಲಿನ ಹುಲಿಗೆಮ್ಮ ನೆನಪಾದಳು. ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ, ಬಾಚುವಾಗ ಉದುರಿದ ಕೂದಲನ್ನು ಕೊಂಡು, ಬದಲಿಗೆ ಪಿನ್ನು, ಸ್ಟೀಲ್ ಬಟ್ಟಲು ಕೊಡುವ ಹೆಂಗಸು. ನಮ್ಮೂರಲ್ಲಿ ಕೂದಲಿನ ವ್ಯಾಪಾರ ದೊಡ್ಡದು. ಇಂಥವರು ಬಹಳ ಜನ ಇದ್ದಾರೆ. ಎರಡು ದಿನದ ಹಿಂದೆ ಅವಳು ರಸ್ತೆಯ ನಡುವೆ ನಿಂತು ಆ ಕಡೆ ಈ ಕಡೆ ನೋಡಿದ್ದಳು. ನಾನು ಗುಂಪಿನಲ್ಲಿ ಬರೆದೆ: "ಕೂದಲಿನ ಹುಲಿಗೆಮ್ಮ ಮೊನ್ನೆ ಗಿರಿಜಕ್ಕನ ಮನೆ ನೋಡಿಕೊಂಡು ಹೋಗಿದ್ದಳು." ಅಷ್ಟೇ. ಬರೆದು, ಬ್ಲೌಸಿಗೆ ತೋಳು ಜೋಡಿಸಲು ಕುಳಿತೆ.

ಮೂರನೆಯ ದಿನ ಮಧ್ಯಾಹ್ನ ಅವಳು ಎಂದಿನಂತೆ ಕೂಗುತ್ತ ಓಣಿಗೆ ಬಂದಳು. ಗಿರಿಜಕ್ಕನ ಮೈದುನ ವೀರೇಶ ಬುಟ್ಟಿ ಕಿತ್ತು ಎಸೆದ. ನಾನು ನನ್ನ ಮೆಟ್ಟಿಲ ಮೇಲೆ ಇದ್ದೆ. ವೀರೇಶ ಅವಳ ಕೆನ್ನೆಗೆ ಮೂರು ಸಲ ಹೊಡೆದ. ಗಿರಿಜಕ್ಕ ಒಮ್ಮೆ ನೂಕಿದಳು. ತುಟಿ ಒಡೆದು ರಕ್ತ ಬಂತು. ಸುಮಾರು ಇಪ್ಪತ್ತು ಜನ ಸುತ್ತ ನಿಂತಿದ್ದರು, ನಾಲ್ಕೈದು ಜನ ಫೋನು ಎತ್ತಿ ಹಿಡಿದಿದ್ದರು. "ಕಂಬಕ್ಕ ಕಟ್ರಿ" ಎಂದು ಯಾರೋ ಅಂದರು. ಯಾರೆಂದು ನಾನು ನೋಡಲಿಲ್ಲ. ಮೂರು ಮೆಟ್ಟಿಲು ಇಳಿದರೆ ರಸ್ತೆ. ನಾನು ಇಳಿಯಲಿಲ್ಲ.

ದೇವೇಂದ್ರಪ್ಪನವರು ಒಬ್ಬರೇ ಬಂದರು. ಅವರು ಓಡಿದ್ದನ್ನು ನೋಡಿದ್ದು ಅದೊಂದೇ ಸಲ. ಕೂಗಲಿಲ್ಲ, ಕೋಲು ಎತ್ತಲಿಲ್ಲ. ಹುಲಿಗೆಮ್ಮನ ಪಕ್ಕ ರಸ್ತೆಯ ಮೇಲೆ ಕುಳಿತು, ಚೆಲ್ಲಿದ ಪಿನ್ನುಗಳನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕತೊಡಗಿದರು. ಯೂನಿಫಾರ್ಮಿನವರು ಕೆಳಗೆ ಕುಳಿತ ಮೇಲೆ ಹೊಡೆಯುವವರಿಗೆ ಕೈ ಎತ್ತಲಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಈಕಿ ಏನ್ ನೋಡಿದ್ಲು? ಮನಿ ನೋಡಿದ್ಲೋ, ಬೀಗ ನೋಡಿದ್ಲೋ?"

"ರಂಗೋಲಿ" ಎಂದೆ. ಆ ಗಳಿಗೆಯವರೆಗೆ ಅದು ನನಗೂ ಹೊಳೆದಿರಲಿಲ್ಲ. "ಅಲ್ಲಿದು ನೋಡಿದ್ಲು, ನಮ್ಮದೂ ನೋಡಿದ್ಲು."

ಹುಲಿಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಹೌದ್ ನೋಡಿನಿ ಯಪ್ಪಾ. ರಂಗೋಲಿ ಇದ್ದ ಮನಿ ಬಾಗಲಾನ ನಾ ಬಡಿಯಾಕಿ. ಬಡದೆ, ಯಾರೂ ತಗೀಲಿಲ್ಲ. ತಿರುಗಿ ನೋಡಿದ್ರ ಎರಡೂ ಕಡಿ ಒಂದ ಕೈ. ಓಹೋ, ಈ ಮನಿ ಖಾಲಿ ಐತಿ ಅಂತ ಮುಂದ ಹೋದೆ. ತಿಳದ್ರ ಕದ್ದಂಗ ಆತೇನು?"

ದೇವೇಂದ್ರಪ್ಪನವರ ಕೈ ಬುಟ್ಟಿಯಲ್ಲೇ ನಿಂತಿತು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಈಕಿಗೆ ತಿಳದದ್ದು ಕಳ್ಳಗೂ ತಿಳದಿರತೈತಿ. ಈ ಉಪಾಯ ಹೇಳಿಕೊಟ್ಟಾಂವ ನಾನು. ಬಡಿಯೂದಿದ್ರ ನನ್ನ ಬಡೀರಿ" ಎಂದರು.

"ಹಂಗಾದ್ರ ನಮ್ಮ ಬಂಗಾರದ ಬಳಿ ನೀವ ಕೊಡ್ತೀರೇನು?" ಎಂದ ವೀರೇಶ.

"ಬಳಿ ಹುಡುಕತೀನಿ ತಮ್ಮಾ. ಈಕಿ ಬಾಯಾಗಿನ ರಕ್ತಕ್ಕ ನೀ ಏನ್ ಹೇಳ್ತಿ?"

ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಂಜೆಗೆ ಅವಳ ದೂರು ದಾಖಲಾಯಿತು.

ಮರುದಿನ ಕಿಟಕಿಗೆ ಬಂದು, ನೋಡಿದ್ದನ್ನು ಬರೆದುಕೊಡಿ ಎಂದರು. ಒಂದೂವರೆ ಪುಟ ಬರೆದೆ. ನಿಂತಲ್ಲೇ ಎರಡು ಸಲ ಓದಿದರು.

"ಛಲೋ ಬರದೀರಿ. ಮೂರು ಏಟು, ಒಂದು ನೂಕು, ಎಲ್ಲಾ ಅದಾವ. ಇವರಿಗೆ ಆಕಿ ಮ್ಯಾಲ ಸಂಶಯ ಹೆಂಗ ಬಂತು ಅನ್ನೂದು ಇಲ್ಲ."

"ಅದು ಗುಂಪಿನ್ಯಾಗ ಐತೆಲ್ರಿ. ನೀವೂ ಓದೀರಿ."

"ಓದೀನ್ರಿ. ಓದಿ ಸುಮ್ನಿದ್ದೆ. ಅದನ್ನ ನನ್ನ ರಿಪೋರ್ಟಿನ್ಯಾಗ ನಾ ಬರದೀನಿ. ನಿಮ್ಮದು ನೀವು ಬರೀಬೇಕು."

ಕಾಗದವನ್ನು ಸರಳಿನ ನಡುವಿನಿಂದ ವಾಪಸು ಕೊಟ್ಟರು. ನಾಳೆ ಬರುತ್ತೇನೆ ಎಂದರು. ನಾಳೆ ಬರಲಿಲ್ಲ. ಅವರನ್ನು ಕುಷ್ಟಗಿಗೆ ಕಳಿಸಿದ್ದರು. ಯಾಕೆಂದು ನನಗೆ ಗೊತ್ತಿಲ್ಲ. ಓಣಿಯವರು ಅವರ ಮೇಲೆ ಅರ್ಜಿ ಕೊಟ್ಟಿದ್ದರು ಎಂಬುದು ಗೊತ್ತು. ಅದರಿಂದಲೇ ಎಂದು ಹೇಳಲಾರೆ.

ಹತ್ತು ದಿನ ಆ ಕಾಗದ ಮಷಿನ್ನಿನ ಖಾನೆಯಲ್ಲಿತ್ತು. ಹೊಲಿಗೆ ಸರಿ ಬೀಳಲಿಲ್ಲ. ಒಬ್ಬರ ಅಳತೆಗೆ ಇನ್ನೊಬ್ಬರ ಬಟ್ಟೆ ಕತ್ತರಿಸಿದೆ. ಗಿರಿಜಕ್ಕ ಬಂದು ಹೊಸ್ತಿಲ ಮೇಲೆ ಕುಳಿತಳು. "ಸುಮಂಗಲಾ, ನಾವು ಎದುರುಬದುರು ಇರೋ ಮಂದಿ. ಆಕಿ ನಾಳೆ ಬ್ಯಾರೆ ಊರು ಹಿಡೀತಾಳ. ನೀ ಯಾವ ಊರಿಗೆ ಹೋಗ್ತಿ?" ಅವಳಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಅವಳು ಹೋದ ಮೇಲೆ, ಗುಂಪಿನಲ್ಲಿ ಬರೆದವಳು ನಾನೇ ಎಂಬ ಕೊನೆಯ ಸಾಲು ಬರೆದೆ. ಬರೆದದ್ದನ್ನು ಅವರಿಗಲ್ಲದೆ ಬೇರೆಯವರಿಗೆ ತೋರಿಸಲು ಧೈರ್ಯ ಬರಲಿಲ್ಲ. ಮರುದಿನ ಕುಷ್ಟಗಿಯ ಬಸ್ ಹತ್ತಿದೆ.

ಅವರು ಸರ್ಕಲ್ಲಿನಲ್ಲಿ ವಾಹನಗಳನ್ನು ಬಿಡುತ್ತಿದ್ದರು. ಬಿಸಿಲಿಗೆ ಮುಖ ಕಪ್ಪಾಗಿತ್ತು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ದಾಳಿಂಬೆ ತುಂಬಿದ ಲಾರಿಯೊಂದನ್ನು ಎಡಗೈಯಿಂದ ತಡೆದು ನಿಲ್ಲಿಸಿ, ಬಲಗೈಯಲ್ಲಿ ಕಾಗದ ಹಿಡಿದು ಓದಿದರು. ಲಾರಿಯವನು ಹಾರ್ನ್ ಹೊಡೆದ. ಅವರು ಮೇಲಿಂದ ಕೆಳತನಕ ಓದಿ ಮುಗಿಸಿದರು.

"ಈಗ ಪೂರಾ ಆತು."

"ತಗೋರಿ ಮತ್ತ."

"ನಾ ಇಸ್ಕೊಳ್ಳಾಕ ಬರೂದಿಲ್ರಿ. ಇದು ನನ್ನ ಠಾಣಿ ಅಲ್ಲ. ಕೊಪ್ಪಳದ ಠಾಣ್ಯಾಗ ಕೊಡ್ರಿ, ಕೊಟ್ಟದ್ದಕ್ಕ ಸಿಕ್ಕಾ ಒತ್ತಿಸ್ಕೊಳ್ರಿ." ಕಾಗದವನ್ನು ಮಡಚಿ ಎರಡೂ ಕೈಯಿಂದ ಕೊಟ್ಟರು. "ಕೊಪ್ಪಳದ ಬಸ್ ನಿಂತೈತಿ ನೋಡ್ರಿ, ಹೋಗ್ರಿ."

ಕೊಡುತ್ತೀರಾ ಎಂದು ಅವರು ಕೇಳಲಿಲ್ಲ. ಕೊಡುತ್ತೇನೆ ಎಂದು ನಾನೂ ಹೇಳಲಿಲ್ಲ. ಆಮೇಲೆ ಅವರನ್ನು ನಾನು ನೋಡಿಲ್ಲ. ಬಳೆ ಕದ್ದವರು ಯಾರೆಂಬುದು ಇವತ್ತಿಗೂ ತಿಳಿದಿಲ್ಲ.

ಕೊಪ್ಪಳದಲ್ಲಿ ಇಳಿದಾಗ ನಾಲ್ಕು ಗಂಟೆ. "ಭಾಗ್ಯನಗರ, ಭಾಗ್ಯನಗರ" ಎಂದು ಆಟೋದವನು ಕೂಗುತ್ತಿದ್ದ. ಒಂದೇ ಸೀಟು ಖಾಲಿಯಿತ್ತು. "ಬರ್ರಿ ಅಕ್ಕಾರ" ಎಂದ. ನಾನು ಆಟೋ ದಾಟಿ, ಠಾಣೆ ಎಲ್ಲಿ ಎಂದು ಹಣ್ಣಿನವಳನ್ನು ಕೇಳಿದೆ.