ಹನ್ನೊಂದು ಇಂಚು

ಮೊನ್ನೆ ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಯಾರದೋ ಅಡುಗೆಮನೆಗೆ ಕಡಪಾ ಕಲ್ಲು ಕೊಯ್ಯುತ್ತಿದ್ದರು. ಒದ್ದೆ ಕಲ್ಲಿನ ಹುಡಿಯ ವಾಸನೆ ಕೆಳಗಿನ ಮೆಟ್ಟಿಲವರೆಗೂ ಬಂದಿತ್ತು. ನಲವತ್ತು ವರ್ಷ ಅದೇ ಹುಡಿ ತಿಂದು ಬದುಕಿದವನಿಗೆ ಅದೇನು ಹೊಸದಲ್ಲ. ಆದರೂ ನಿಂತುಬಿಟ್ಟೆ. ಮಾಸ್ತರರು ನೆನಪಾದರು...

ಐವತ್ತರ ದಶಕದ ಮಾತು. ಘಾಟ್ಕೋಪರಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಧಾರವಾಡದ ಕಡೆಯವರು, ಫೋರ್ಟಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಬಂದ ಕಲ್ಲುಕೆಲಸದವನು. ಭಾನುವಾರ ಬೆಳಿಗ್ಗೆ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕೂರಿಸಿಕೊಂಡು ಅವರು ನನಗೆ ಲೆಕ್ಕ ಹೇಳಿಕೊಟ್ಟರು. ಒಂದು ಕೋಲಿನ ನೆರಳು, ಚಾಳಿನ ನೆರಳು ಎರಡನ್ನೂ ಅಳೆಸಿ, ಮೇಲೆ ಹತ್ತದೆಯೇ ಚಾಳಿನ ಎತ್ತರ ನನ್ನ ಬಾಯಿಂದಲೇ ಹೇಳಿಸಿದರು.

"ಆಕಾರ ಒಂದ ಇದ್ರ ಒಂದು ಬದಿ ಸಿಕ್ರ ಸಾಕಪಾ. ಉಳಿದದ್ದೆಲ್ಲಾ ತಾನ ಸಿಗ್ತದ" ಎನ್ನುತ್ತಿದ್ದರು. ನನ್ನನ್ನು ಅಷ್ಟು ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಆಗ ನಮ್ಮ ಕಡೆಯ ಒಬ್ಬ ಹೋಟೆಲ್ ಧಣಿ ಫೋರ್ಟಿನಲ್ಲಿ ಒಂದು ಗೋದಾಮು ಹಿಡಿದಿದ್ದರು. ಅಲ್ಲಿನ ಅಡುಗೆಕಟ್ಟೆಗೆ ಕಲ್ಲು ಸರಿಯಾಗಿ ಕೂರಿಸಿದರೆ, ಮಲಾಡಿನಲ್ಲಿ ಅವರು ಕಟ್ಟಿಸುತ್ತಿದ್ದ ಹೊಸ ಹೋಟೆಲಿನ ಇಡೀ ಕಲ್ಲುಕೆಲಸ ನನಗೇ ಎಂದಿದ್ದರು. ಕೂಲಿ ಬಿಟ್ಟು ಸ್ವಂತ ಕೆಲಸ ಹಿಡಿಯಲು ನನಗಿದ್ದ ದಾರಿ ಅದೊಂದೇ. ಆದರೆ ಗೋದಾಮಿಗೆ ಬೀಗ. ಹಳೆಯ ಬಾಡಿಗೆಯವನು ಕೀಲಿ ಕೊಟ್ಟ ದಿನವೇ ಕೊಯ್ದ ಕಲ್ಲು ಬಂದು ಕೂರಬೇಕಿತ್ತು. ಹೊರಗಿನಿಂದಷ್ಟೇ ಅಳೆಯಲು ಸಾಧ್ಯ. ಎರಡು ಗಲ್ಲಿಗಳ ನಡುವಿನ ಐದು ಮೂಲೆಯ ಜಾಗ ಅದು. ಮಾಸ್ತರರನ್ನು ಕರೆದುಕೊಂಡು ಹೋದೆ.

ಧಣಿಯ ಮುಂದೆ ಚಹಾ ಕುಡಿಯುತ್ತ ಅವರು ಚೀಟಿಯ ಮೇಲೆ ಬರೆದರು. "ಮುಂದಿನ ಬದಿ ಹೊರಗ ಹನ್ನೆರಡು ಅಡಿ. ಎರಡೂ ಗ್ವಾಡಿ ದಪ್ಪ ಕಳದ್ರ ಒಳಗ ಹತ್ತೂವರಿ. ಅಂದ್ರ ಎಂಟರಾಗ ಏಳು ಪಾಲು. ಎಲ್ಲಾ ಬದೀನೂ ಹಿಂಗ ಇಳಿಸೂದು. ಹದಿನಾರರ ಉದ್ದ ಗ್ವಾಡಿಗೆ ಒಳಗ ಹದಿನಾಕು."

"ಮಾಸ್ತರ್ರೇ, ಉದ್ದದ ಗೋಡೆ ಅಂತ ಅದಕ್ಕೇನು ಹೆಚ್ಚು ದಪ್ಪ ಉಂಟಾ? ಅಲ್ಲಿ ಎರಡಡಿ ಹೇಗೆ ಹೋಗ್ತದೆ?" ಎಂದೆ.

"ಐದೂ ಕೋನ ಒಳಗೂ ಅವೇ, ಹೊರಗೂ ಅವೇ. ಆಕಾರ ಒಂದ. ನಾಕನೇತ್ತಾ ಕಲ್ತಾಂವ ನನಗ ಜಾಮಿಟ್ರಿ ಹೇಳಾಕ ಬಂದಾನ ನೋಡ್ರಿ, ಸಾವ್ಕಾರ್ರ."

"ಅವರು ಹೇಳಿದ ಹಾಗೆ ಕೊಯ್ಯಿ ಮಾರಾಯ" ಎಂದು ಧಣಿ ನಕ್ಕರು. ನಾನೂ ನಕ್ಕೆ. ಕೊಯ್ದೆ.

ಕೀಲಿ ಸಿಕ್ಕ ದಿನ ಉದ್ದ ಗೋಡೆಗೆ ಕಲ್ಲು ಕೂರಿಸಿದರೆ ಹನ್ನೊಂದು ಇಂಚು ಕಡಿಮೆ. ಗೋಡೆಯ ದಪ್ಪ ಮೂಲೆಯಲ್ಲಿ ತಿನ್ನುವಷ್ಟೇ ತಿನ್ನುತ್ತದೆ, ಬದಿ ಉದ್ದವಿದೆ ಎಂದು ಹೆಚ್ಚು ತಿನ್ನುವುದಿಲ್ಲ. ಆ ಬದಿಯ ಅಗಲ ಮೂಲೆಗಳಲ್ಲಿ ಹೋಗಿದ್ದು ಎರಡಡಿಯಲ್ಲ, ಹದಿಮೂರೇ ಇಂಚು. ಕೋನಗಳು ಒಂದೇ ಇದ್ದರೂ ಆಕಾರ ಒಂದೇ ಆಗಿರಲಿಲ್ಲ.

ಧಣಿ ನನ್ನನ್ನು ನೋಡಿದರು. ನಾನು ಮಾಸ್ತರರನ್ನು ನೋಡಿದೆ. ಅವರು ಗೋಡೆ ನೋಡುತ್ತ ಹೇಳಿದರು: "ಕಡಿಯೂ ಮುಂದ ಇಂವ ಏನರ ಹೆಚ್ಚು ಕಡಿಮಿ ಮಾಡಿರಬೇಕ್ರಿ."

ಅವರ ಕೈಬರಹದ ಚೀಟಿ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲವೋ... ಗುರು ಎಂದುಕೊಂಡಿದ್ದೆನೇನೋ. ಕಲ್ಲಿನ ತುಂಡೊಂದನ್ನು ತೇಪೆ ಹಾಕಿ ಕೊಟ್ಟೆ. ಮಲಾಡಿನ ಕೆಲಸ ಬೇರೆಯವರ ಪಾಲಾಯಿತು.

ಮರುದಿನ ಅವರು ನನ್ನ ಬಾಗಿಲಿಗೆ ಬಂದರು. "ನಿನಗೇನಪಾ, ನೀ ಇನ್ನೊಂದು ಕಲ್ಲು ಕಡೀತಿ. ನನಗ ಇರೂದ ಇದೊಂದ ಹೆಸರು" ಎಂದರು. ನನಗೂ ಒಂದು ಹೆಸರಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಆಮೇಲೆ ನಾನು ಗ್ಯಾಲರಿಯಲ್ಲಿ ಅವರ ಬಳಿ ಕೂರಲಿಲ್ಲ. ಶಾಲೆಯ ಕೆಲಸ ಬಿಟ್ಟು ಊರಿಗೆ ಹೊರಟ ದಿನ ಮಾಸ್ತರರು ನನ್ನ ಖೋಲಿಯ ಮುಂದೆ ನಿಂತು ಎರಡು ಸಲ ಕರೆದರು. ಒಳಗೇ ಇದ್ದೆ. ಏಳಲಿಲ್ಲ.

ಸ್ವಂತ ಕೆಲಸ ಹಿಡಿಯಲು ನನಗೆ ಇನ್ನೂ ಒಂಬತ್ತು ವರ್ಷ ಬೇಕಾಯಿತು. ಹಿಡಿದೆ. ಒಂದು ಕಲ್ಲೂ ಮತ್ತೆ ಕಡಿಮೆ ಬೀಳಲಿಲ್ಲ.

ನಿನ್ನೆ ಮೊಮ್ಮಗಳು ಶಾಲೆಯ ಪುಸ್ತಕ ತಂದು ಕುಳಿತಳು. ಸಣ್ಣ ಚಿತ್ರ, ದೊಡ್ಡ ಚಿತ್ರ, ಒಂದು ಬದಿ ಕಂಡುಹಿಡಿಯಬೇಕು. ಪೆನ್ಸಿಲ್ ಮುಟ್ಟದೆ ಹೇಳಿದೆ. ಅವಳಿಗೆ ಆಶ್ಚರ್ಯ.

"ಅಜ್ಜಾ, ನಿಮಗೆ ಇದು ಯಾರು ಸಿಖಾಯಿಸಿದ್ದು?"

"ಯಾರೂ ಇಲ್ಲ ಮಗಾ, ನಾನೇ ಕಲಿತದ್ದು" ಎಂದೆ.

ಮಾಸ್ತರರು ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ಹಾಗಲ್ಲ ಎಂದು ಹೇಳಲು ಈಗ ಯಾರೂ ಇಲ್ಲ.