ಉಗ್ರಾಣದ ಹಿಲ್ಕಾ
ಕೆನಡಾದ ಸಡ್ಬರಿಯ ಲಾರಿ ಗ್ಯಾರೇಜಿನಲ್ಲಿ ಉಗ್ರಾಣ ನೋಡಿಕೊಳ್ಳುವ ಹಿಲ್ಕಾಳ ಕಟ್ಟುನಿಟ್ಟಿನ ಮುಂದೆ ಮಡಿ ಹೆಂಗಸರೂ ಸೋಲಬೇಕು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕೊಡುವ ಮುನ್ನ "ಎಲ್ಲಿ, ಕೈ ತೋರ್ಸು" ಎಂದು ಮೆಕ್ಯಾನಿಕ್ಕುಗಳ ಅಂಗೈ ತಿರುಗಿಸಿ ನೋಡುವಳು. ಎಂಜಿನ್ನಿಗೆ ಕೂರಿಸುವ ಗಳಿಗೆಯವರೆಗೂ ಅದರ ಮೂತಿಯ ಮುಚ್ಚಳ ತೆಗೆಯುವಂತಿಲ್ಲ. ಕೈಜಾರಿ ಬಿದ್ದದ್ದನ್ನು ಒರೆಸಿ ಎಂಜಿನ್ನಿಗೆ ಹಾಕುವಂತಿಲ್ಲ. "ಒಂದು ಕಣ ಧೂಳು ಸಾಕು ಕಣೋ, ಎಂಜಿನ್ನೇ ಹಾಳು" ಎನ್ನುವಳು. ಸೀನು ಬಂದರೂ ಹೊರಗೆ ಓಡಿ ಬಂದು ಸೀನುತ್ತಾಳೆ ಎಂದು ಎಲ್ಲರಿಗೂ ನಗು. ಒಂದು ಮಧ್ಯಾಹ್ನ ಮೆಕ್ಯಾನಿಕ್ ರೇಜಾನ್ ಇಂಜೆಕ್ಟರ್ ಪರೀಕ್ಷಿಸುತ್ತಿದ್ದಾಗ ರಭಸದಿಂದ ಚಿಮ್ಮಿದ ಡೀಸೆಲ್ ಅವನ ಬೆರಳಿಗೆ ಚುಚ್ಚಿತು. ಸೊಳ್ಳೆ ಕಚ್ಚಿದಷ್ಟೇ ಗುರುತು, ರಕ್ತವೂ ಇಲ್ಲ. "ಏನೂ ಆಗಿಲ್ಲ ಬಿಡಕ್ಕ" ಎಂದು ಅವನು ನಕ್ಕ. ಹಿಲ್ಕಾ ಉಗ್ರಾಣದ ಬಾಗಿಲನ್ನು ಹಾಗೇ ತೆರೆದಿಟ್ಟು, ಅವನ ರಟ್ಟೆ ಹಿಡಿದು ಕಾರಿಗೆ ಎಳೆದೊಯ್ದಳು. "ಡೀಸೆಲ್ ಒಳಗೆ ಹೋಗಿದೆ, ಆಸ್ಪತ್ರೆಗೆ ನಡಿ." "ಇಷ್ಟಕ್ಕೆಲ್ಲ ಆಸ್ಪತ್ರೆನಾ?" ಹಿಲ್ಕಾ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ನಮ್ಮಣ್ಣನೂ ಹೀಗೇ ನಕ್ಕೊಂಡು ಊಟಕ್ಕೆ ಹೋದ. ಆಮೇಲೆ ಕೈಯನ್ನೇ ಮೊಣಕೈವರೆಗೂ ಕತ್ತರಿಸಬೇಕಾಯ್ತು." ಆಸ್ಪತ್ರೆಯಲ್ಲಿ ಕೂಡಲೇ ಬೆರಳು ಸೀಳಿ ಡೀಸೆಲ್ ತೊಳೆದರು. ಬೆರಳು ಉಳಿಯಿತು ಎಂದು ಡಾಕ್ಟರು ಬಂದು ಹೇಳುವವರೆಗೂ ಹಿಲ್ಕಾ ಕೋಟನ್ನೂ ಬಿಚ್ಚದೆ, ಬಾಗಿಲ ಬಳಿ ನಿಂತೇ ಇದ್ದಳು.